ರುಖಿಯಮ್ಮನ ಚೀನಿಕಾಯಿ

ಸುಳ್ಯದ ಪೇಟೆಯಲ್ಲಿ ಒಂದು ಇಡೀ ಚೀನಿಕಾಯಿ ಸಿಕ್ಕಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಪ್ರೇಮನಾಥನದು ಬಸ್‌ಸ್ಟ್ಯಾಂಡಿನ ಹತ್ತಿರ ಕನ್ನಡಕದ ಅಂಗಡಿ. ಊರಿಗೆಲ್ಲ ಕಣ್ಣು ಕಾಣುವ ಹಾಗೆ ಮಾಡುವ ಈ ಮನುಷ್ಯನಿಗೆ ತನ್ನ ಮನೆಯೊಳಗೆ ಏನಾಗುತ್ತಿದೆ ಎಂಬುದು ಮಾತ್ರ ಕಾಣುವುದಿಲ್ಲ ಎಂದು ಹೆಂಡತಿ ಮೋಹಿನಿಯ ದೂರು. ಒಬ್ಬಳೇ ಮಗಳು ಪ್ರೀತಿಕಾಗೆ ಹತ್ತು ವರ್ಷ. ಕಳೆದ ವರ್ಷ ಮಂಗಳೂರಿನ ಚಿಕ್ಕಮ್ಮನ ಫ್ಲ್ಯಾಟಿನಲ್ಲಿ ಹ್ಯಾಲೊವೀನ್ ಎಂಬುದನ್ನು ನೋಡಿ ಬಂದವಳು, ಈ ವರ್ಷ ನಮ್ಮ ಮನೆಯಲ್ಲೇ ಆಗಬೇಕೆಂದು ಹಟ ಹಿಡಿದಳು. ಅದೂ ಎಂಥದ್ದು? ಮಾಟಗಾತಿ ಪಾರ್ಟಿ! ಬರುವವರೆಲ್ಲ ಕಪ್ಪು ಬಟ್ಟೆ, ಚೂಪು ಟೊಪ್ಪಿ. ಗೇಟಿನ ಮೇಲೆ ಕಣ್ಣು, ಮೂಗು, ಹಲ್ಲು ಕೊರೆದ ಇಡೀ ಚೀನಿಕಾಯಿ, ಅದರೊಳಗೆ ದೀಪ. ಘಟ್ಟದ ಮೇಲಿನವರು ಸಿಹಿಗುಂಬಳ ಎನ್ನುತ್ತಾರಲ್ಲ, ಅದೇ.

"ಅದಿಲ್ಲದಿದ್ರೆ ಪಾರ್ಟಿಯೇ ಅಲ್ಲ ಅಪ್ಪ. ಕ್ಲಾಸಿನವರಿಗೆಲ್ಲ ಹೇಳಿ ಆಗಿದೆ. ಚೀನಿಕಾಯಿ ಇಲ್ಲದಿದ್ರೆ ಸೋಮವಾರ ನಾನು ಶಾಲೆಗೇ ಹೋಗುದಿಲ್ಲ."

"ಅಯ್ಯೋ, ಒಂದು ಚೀನಿಕಾಯಿ ತರುದು ದೊಡ್ಡ ಸಂಗತಿಯಾ?" ಎಂದು ಪ್ರೇಮನಾಥ ಎದೆ ತಟ್ಟಿ ಹೇಳಿದ್ದ.

ದೊಡ್ಡ ಸಂಗತಿಯೇ ಆಗಿತ್ತು. ಶನಿವಾರ ಬೆಳಿಗ್ಗೆ ತರಕಾರಿ ಅಂಗಡಿಯ ಮಮ್ಮು, ತುಂಡು ಮಾಡಿಟ್ಟ ಚೀನಿಕಾಯಿಗಳನ್ನು ತೋರಿಸಿದ.

"ಇಡೀದು ಎಂತಕ್ಕೆ ಮಾರಾಯ್ರೆ? ಮನೆಯಲ್ಲಿ ಮದುವೆ ಉಂಟಾ?"

"ಮದುವೆ ಅಲ್ಲ. ಮಾಟಗಾತಿಗೆ. ಅದಕ್ಕೆ ಹಲ್ಲು ಇಡ್ಲಿಕ್ಕುಂಟು."

ಮಮ್ಮು ಎರಡು ಹೆಜ್ಜೆ ಹಿಂದೆ ಸರಿದು, "ಇಲ್ಲಿ ಅಂಥದ್ದೆಲ್ಲ ಇಲ್ಲ" ಎಂದು ಬೇರೆ ಗಿರಾಕಿಯ ಬೆಂಡೆಕಾಯಿ ತೂಗತೊಡಗಿದ.

ಉಳಿದದ್ದು ಒಂದೇ ಚೀನಿಕಾಯಿ. ಅದು ಪಕ್ಕದ ಮನೆಯ ರುಖಿಯಮ್ಮನ ಬಚ್ಚಲುಕೊಟ್ಟಿಗೆಯ ಮಾಡಿನ ಮೇಲೆ ತಹಸೀಲ್ದಾರರ ಹಾಗೆ ಗತ್ತಿನಿಂದ ಕೂತಿತ್ತು. ಬೀಜಕ್ಕೆಂದು ಬಿಟ್ಟದ್ದು. ಸ್ವಂತ ಮಗ ಶಫೀಕ್ ಕೇಳಿದರೂ ಅವರು ಕೊಟ್ಟಿರಲಿಲ್ಲ. ಸಾಲದ್ದಕ್ಕೆ ಅನ್ನ, ತರಕಾರಿ ಹಾಳು ಮಾಡುವವರನ್ನು ಕಂಡರೆ ರುಖಿಯಮ್ಮನಿಗೆ ಆಗುವುದೇ ಇಲ್ಲ. ಆಚೆ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಕುಕ್ಕಪ್ಪ ಗೌಡರ ದನ ಅವರ ಬಸಳೆ ಚಪ್ಪರಕ್ಕೆ ಬಾಯಿ ಹಾಕಿದ್ದಕ್ಕೆ ಒಂದು ಮಳೆಗಾಲವಿಡೀ ಗೌಡರ ಹತ್ತಿರ ಮಾತು ಬಿಟ್ಟಿದ್ದರು. ಹಾಗೆ ತನ್ನ ಮನೆಯವರ ಹತ್ತಿರವೂ ಮಾತು ಬಿಟ್ಟರೆ? ಪ್ರೀತಿಕಾ ಹುಟ್ಟಿದಾಗ ಬಾಣಂತನದ ಅರ್ಧ ಕೆಲಸ ಮಾಡಿದ ಹೆಂಗಸು ಅದು. ಮೋಹಿನಿಗೆ ತಾಯಿಯ ಹಾಗೆ. ಹಲ್ಲು ಕೊರೆಯಲಿಕ್ಕೆ ಎಂದು ಕೇಳುವ ಧೈರ್ಯ ಪ್ರೇಮನಾಥನಿಗೆ ಎಲ್ಲಿಂದ ಬರಬೇಕು?

"ರುಖಿಯಮ್ಮ, ಆ ಚೀನಿಕಾಯಿ..." ಎಂದು ಅವರ ಅಂಗಳದಲ್ಲಿ ನಿಂತು ತೊದಲಿದ. "ಮೋಹಿನಿಗೆ ತುಂಬಾ ಆಸೆ ಆಗಿದೆ ಅಂತೆ. ಅದೇ ಬೇಕಂತೆ. ಇವತ್ತೇ ಬೇಕಂತೆ."

ರುಖಿಯಮ್ಮ ಅವನ ಮುಖವನ್ನೇ ನೋಡಿದರು. ಆಮೇಲೆ ತುಟಿಯಂಚಿನಲ್ಲಿ ನಕ್ಕರು.

"ಆಸೆಯಾ? ಅದನ್ನು ಮೊದಲೇ ಹೇಳುದಲ್ವಾ ಪ್ರೇಮ! ಜುವೈರಿಯಾ, ಏಣಿ ತಾ!" ಎಂದು ಸೊಸೆಯನ್ನು ಕೂಗಿದರು.

ಇಷ್ಟು ಸುಲಭವೆಂದು ಗೊತ್ತಿದ್ದರೆ ಮಮ್ಮುವಿನ ಹತ್ತಿರ ಯಾಕೆ ಹೋಗಬೇಕಿತ್ತು ಎಂದುಕೊಂಡು ಪ್ರೇಮನಾಥ ಅದನ್ನು ಹೆಗಲ ಮೇಲೆ ಹೊತ್ತು ತಂದ. ಹೆಂಗಸಿಗೆ ಆಸೆಯಾಗಿದೆ ಎಂದರೆ ಈ ಊರಿನಲ್ಲಿ ಏನು ಅರ್ಥ ಎಂದು ಅವನಿಗೆ ಹೊಳೆಯಲೇ ಇಲ್ಲ.

ಅಡುಗೆಮನೆಯಲ್ಲಿ ಕೂತು ಕೊರೆದ. ಚೀನಿಕಾಯಿಯ ಹಸಿ ವಾಸನೆ ಹೊಡೆದದ್ದೇ ಮೋಹಿನಿ ಬಾಯಿಗೆ ಸೆರಗು ಹಿಡಿದು ಹಿತ್ತಿಲಿಗೆ ಓಡಿದಳು. ಪಾರ್ಟಿಯ ಮೇಲಿನ ಸಿಟ್ಟು ಎಂದು ಪ್ರೇಮನಾಥ ತಿಳಿದುಕೊಂಡ. ತಿರುಳು ಒಂದು ಬಾಲ್ದಿ ತುಂಬ ಬಂತು. ರುಖಿಯಮ್ಮನ ಕಣ್ಣಿಗೆ ಬೀಳುವ ಮೊದಲೇ ಇದನ್ನು ಸಾಗಿಸಬೇಕಲ್ಲ? ಬೀಜ ತೆಗೆದು ಒಂದು ಕಾಗದದಲ್ಲಿ ಕಟ್ಟಿಟ್ಟು, ತಿರುಳನ್ನೆಲ್ಲ ಕುಕ್ಕಪ್ಪ ಗೌಡರ ದನಕ್ಕೆ ಸುರಿದು ಬಂದ.

ಬರುವಾಗ ಗೌಡರು ಗೇಟಿನಲ್ಲೇ ಅವನ ಕೈ ಹಿಡಿದು ಕುಲುಕಿದರು.

"ಸಂತೋಷ ಪ್ರೇಮನಾಥ, ಭಾರೀ ಸಂತೋಷ! ಈಗಷ್ಟೆ ಗೊತ್ತಾಯ್ತು."

"ಓ, ನಿಮಗೂ ಗೊತ್ತಾಯ್ತಾ? ಒಂದು ತಿಂಗಳಿಂದ ಅದೇ ಯೋಚನೆ ಗೌಡ್ರೆ."

"ಒಂದೇ ತಿಂಗಳಾ? ಮಗಳು ಎಂತ ಹೇಳ್ತಾಳೆ?"

"ಅವಳದ್ದೇ ಹಟ! ಅವಳಿಂದಾಗಿಯೇ ನಾವು ಇಳಿದದ್ದು."

ಗೌಡರು ಗಲ್ಲಕ್ಕೆ ಕೈ ಹಚ್ಚಿದರು. "ಈಗಿನ ಮಕ್ಕಳು ಮಾರಾಯ! ಹತ್ತು ವರ್ಷದ ನಂತರ ಧೈರ್ಯ ಮಾಡಿದ್ರಿ."

"ಧೈರ್ಯ ಎಂತದು? ಈ ಸಲ ಸರಿ ಹೋದ್ರೆ ಪ್ರತಿ ವರ್ಷ ಮಾಡುವ ಅಂತ ಉಂಟು."

ಗೌಡರು ಕೈ ಬಿಟ್ಟು ಒಳಗೆ ಹೋದರು.

ಮಧ್ಯಾಹ್ನ ಜುವೈರಿಯಾ ಒಂದು ಭರಣಿ ಮಿಡಿ ಉಪ್ಪಿನಕಾಯಿ ಕೊಟ್ಟು ನಾಚಿ ಓಡಿಹೋದಳು. ಎದುರು ಮನೆಯವರು ಹುಣಸೆಹಣ್ಣಿನ ಉಂಡೆ ಕಳಿಸಿದರು. ಅಂಗಡಿಯ ಗಿರಾಕಿಯೊಬ್ಬರು ಫೋನು ಮಾಡಿ, ಮೇಲಿನ ಕಪಾಟಿಗೆ ಮೋಹಿನಿಯಕ್ಕ ಕೈ ಎತ್ತುವುದು ಬೇಡ ಎಂದರು. ಪಾರ್ಟಿಗೆ ಇಡೀ ಓಣಿ ಹೀಗೆ ಕೈಜೋಡಿಸುತ್ತದೆಂದು ಪ್ರೇಮನಾಥ ಎಣಿಸಿರಲಿಲ್ಲ. ಎಷ್ಟು ಒಳ್ಳೆಯ ಜನ ಎಂದು ಅವನ ಕಣ್ಣು ಒದ್ದೆಯಾಯಿತು.

ಸಂಜೆ ದೀಪ ಹೊತ್ತುವ ಹೊತ್ತಿಗೆ ಚೀನಿಕಾಯಿ ಗೇಟಿನ ಮೇಲೆ ಹಲ್ಲು ಕಿರಿದು ಉರಿಯುತ್ತಿತ್ತು. ಅಂಗಳದ ತುಂಬ ಕರಿ ಅಂಗಿಯ ಹುಡುಗಿಯರು. ಪ್ರೀತಿಕಾಳ ಮುಖ ನೋಡಬೇಕಿತ್ತು, ಅದೂ ದೀಪದ ಹಾಗೆಯೇ ಇತ್ತು. ಕಪ್ಪು ಸೀರೆ, ಕಾಗದದ ಟೊಪ್ಪಿಯಲ್ಲಿ ಮೋಹಿನಿ ದೊಡ್ಡ ಮಾಟಗಾತಿ. ಮಾಟಗಾತಿಯ ಪೊರಕೆಯೆಂದು ಹಿಡಿಸೂಡಿ ಹಿಡಿದು ಅವಳು "ಹೂ...!" ಎಂದು ಅಟ್ಟಿಸಿಕೊಂಡು ಬಂದರೆ ಹುಡುಗಿಯರು ಕಿರುಚಿ ಕೇಕೆ ಹಾಕುತ್ತಿದ್ದರು. ಪ್ರೇಮನಾಥನೂ ಒಂದು ಟೊಪ್ಪಿ ಹಾಕಿ ಶರಬತ್ತು ಹಂಚುತ್ತಿದ್ದ.

ಆಗ ಗೇಟಿನಲ್ಲಿ ಓಣಿಗೆ ಓಣಿಯೇ ಬಂದು ನಿಂತಿತು. ಮುಂದೆ ರುಖಿಯಮ್ಮ, ಹಿಂದೆ ಜುವೈರಿಯಾ, ಕುಕ್ಕಪ್ಪ ಗೌಡರು, ಎದುರು ಮನೆಯವರು. ಎಲ್ಲರ ಕೈಯಲ್ಲೂ ಮುಚ್ಚಿದ ತಟ್ಟೆ.

"ಯಾ ಅಲ್ಲಾ!" ಎಂದರು ರುಖಿಯಮ್ಮ. "ಬಸುರಿ ಹೆಂಗಸಿಗೆ ಕರಿ ಸೀರೆ ಉಡಿಸಿ, ಹಿಡಿಸೂಡಿ ಕೊಟ್ಟು ಓಡಿಸುದಾ? ನಿನಗೆ ಮಂಡೆ ಸರಿ ಉಂಟಾ ಪ್ರೇಮ?"

ಪ್ರೇಮನಾಥನ ಕೈಯ ಶರಬತ್ತು ಚೆಲ್ಲಿತು. "ಬಸುರಿಯಾ? ಯಾರು?"

ರುಖಿಯಮ್ಮನ ಕಣ್ಣು ಅಷ್ಟರಲ್ಲಿ ಗೇಟಿನ ಮೇಲೆ ಹೋಯಿತು. ಚೀನಿಕಾಯಿ ಅವರನ್ನು ನೋಡಿ ಹಲ್ಲು ಕಿರಿಯುತ್ತಿತ್ತು. ಸಾಕಿದವರಿಗೆ ಗುರುತು ಸಿಗದೆ ಇರುತ್ತದೆಯೇ?

"ಇದು ನನ್ನದಲ್ವಾ?"

ಇನ್ನು ಸುಳ್ಳಿನ ಮೇಲೆ ಸುಳ್ಳು ಹೇಳಿ ಪ್ರಯೋಜನವಿಲ್ಲ ಎಂದು ಪ್ರೇಮನಾಥ ಕೈ ಮುಗಿದ.

"ತಪ್ಪಾಯ್ತು ರುಖಿಯಮ್ಮ. ಮಗಳ ಪಾರ್ಟಿಗೆ ಬೇಕಿತ್ತು, ಹೆದರಿ ಸುಳ್ಳು ಹೇಳಿದೆ. ಬೀಜ ತೆಗೆದು ಇಟ್ಟಿದ್ದೇನೆ, ಎಲ್ಲ ವಾಪಸು ಕೊಡ್ತೇನೆ. ಮೋಹಿನಿಗೆ ಆಸೆಯೂ ಇಲ್ಲ, ಅವಳು ಬಸುರಿಯೂ ಅಲ್ಲ. ಎಲ್ಲರೂ ಕೇಳಿ, ದೇವರಾಣೆ ಅಂಥದ್ದೆಂತದೂ ಇಲ್ಲ! ಮಾತು ಮಾತ್ರ ಬಿಡಬೇಡಿ."

ರುಖಿಯಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತವರು ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದು ನಗತೊಡಗಿದರು.

"ಏನೋ ಅಡಗಿಸ್ತಾ ಇದ್ದಿ ಅಂತ ನಿನ್ನ ಮುಖ ನೋಡಿದಾಗಲೇ ಗೊತ್ತಾಗಿದೆ. ನಿನ್ನ ಮಾತು ಕೇಳಿ ಯಾರು ಚೀನಿಕಾಯಿ ಕೊಟ್ಟದ್ದು? ಇವಳು ನಾಲ್ಕು ದಿನದಿಂದ ಹಿತ್ತಿಲಿನಲ್ಲಿ ವಾಂತಿ ಮಾಡುದನ್ನು ನೋಡಿ ಕೊಟ್ಟದ್ದು! ಬಾಯಿಬಿಟ್ಟು ಕೇಳ್ಲಿಕ್ಕೆ ನಾಚಿಕೆ, ಅದಕ್ಕೆ ನಿನ್ನನ್ನು ಕಳಿಸಿದ್ದಾಳೆ ಅಂತ ಎಣಿಸಿದೆ."

ಪ್ರೇಮನಾಥ ಹೆಂಡತಿಯ ಕಡೆ ತಿರುಗಿದ. ಮಾಟಗಾತಿ ಹಿಡಿಸೂಡಿ ಕೆಳಗಿಟ್ಟು ನೆಲ ನೋಡುತ್ತಿದ್ದಳು.

"ನಿನ್ನೆ ಡಾಕ್ಟರು ಹೌದು ಅಂದ್ರು," ಎಂದಳು ಮೆಲ್ಲಗೆ. "ಪಾರ್ಟಿ ಮುಗಿದ ಮೇಲೆ ನಿಮಗೆ ಹೇಳುವ ಅಂತ ಇದ್ದೆ. ನೀವು ದೇವರಾಣೆ ಹಾಕಿಬಿಟ್ರಲ್ಲ!"

"ಈಗಷ್ಟೆ ಇಲ್ಲ ಅಂದೆಯಲ್ಲ ಮಾರಾಯ, ಯಾರನ್ನು ನಂಬುದು ನಾವು?" ಎಂದರು ಕುಕ್ಕಪ್ಪ ಗೌಡರು.

ಪ್ರೇಮನಾಥನಿಗೆ ನಗು ಬಂತು, ಅಳು ಬಂತು, ಟೊಪ್ಪಿ ಕಣ್ಣಿನ ಮೇಲೆ ಜಾರಿತು. ಪ್ರೀತಿಕಾ ಓಡಿ ಬಂದು ಅಮ್ಮನ ಸೊಂಟ ತಬ್ಬಿದಳು. ಆಮೇಲೆ ತಟ್ಟೆಗಳೆಲ್ಲ ಬಿಚ್ಚಿಕೊಂಡವು. ಕೋಡುಬಳೆ, ಕಾಯಿಹೋಳಿಗೆ, ಜುವೈರಿಯಾ ಮಾಡಿದ ತುಪ್ಪದ ಪತ್ತಿರಿ. ಬಸುರಿಗೆ ತಂದದ್ದನ್ನು ಮಾಟಗಾತಿಯರು ಮುಗಿಬಿದ್ದು ತಿಂದರು. ಇಂಥ ಒಳ್ಳೆಯ ಹ್ಯಾಲೊವೀನು ಮಂಗಳೂರಿನಲ್ಲೂ ಆಗಿರಲಿಲ್ಲ ಎಂದು ಪ್ರೀತಿಕಾ ಘೋಷಿಸಿದಳು.

ಮೋಹಿನಿ ಮಾತ್ರ ಒಂದನ್ನೂ ಮುಟ್ಟಲಿಲ್ಲ. ಗಂಡನನ್ನು ಹತ್ತಿರ ಕರೆದಳು.

"ನಗಬೇಡಿ ಆಯ್ತಾ? ಬೆಳಿಗ್ಗೆ ನನಗೆ ಅದರ ವಾಸನೆಯೇ ಆಗ್ತಿರಲಿಲ್ಲ. ಈಗ ನನಗೆ ನಿಜವಾಗಿ ಚೀನಿಕಾಯಿ ಗಸಿ ತಿನ್ನಬೇಕು ಅಂತ ಆಸೆ ಆಗ್ತಾ ಉಂಟು. ಇವತ್ತೇ. ಆ ತಿರುಳು ಎಲ್ಲಿಟ್ಟಿದ್ದೀರಿ?"

ಪ್ರೇಮನಾಥ ಮೆಲ್ಲಗೆ ರುಖಿಯಮ್ಮನನ್ನು ನೋಡಿದ. "ಚೀನಿಕಾಯಿ ನಿಮ್ಮಲ್ಲೇ ಉಂಟಲ್ಲ ಅಂತ ಅದೊಂದನ್ನು ಬಿಟ್ಟು ಎಲ್ಲ ತಂದದ್ದು," ಎಂದರು ಅವರು. ಅವನು ಗೇಟಿನ ಚೀನಿಕಾಯಿಯನ್ನು ನೋಡಿದ. ಪ್ರೀತಿಕಾ ಎರಡೂ ಕೈ ಅಡ್ಡ ಹಿಡಿದಳು. ಕಡೆಗೆ ಗೌಡರನ್ನು ನೋಡಿದ.

"ಒಂದು ಚೂರಾದರೂ ಉಳಿದಿದೆಯಾ ಗೌಡ್ರೆ?"

"ಎಲ್ಲಿಂದ ಉಳಿಯುದು? ಬಾಲ್ದಿಯನ್ನೂ ನೆಕ್ಕಿದೆ," ಎಂದರು ಗೌಡರು. "ನಮ್ಮ ದನವೂ ಗಬ್ಬ ಅಲ್ವಾ, ಅದಕ್ಕೂ ಆಸೆ ಇರುದಿಲ್ವಾ?"

ಪ್ರೇಮನಾಥ ಸ್ಕೂಟರ್ ಹತ್ತಿ ಪೇಟೆಗೆ ಧಾವಿಸಿದ. ಮಮ್ಮು ಆಗಲೇ ಶಟರ್ ಅರ್ಧ ಎಳೆದಿದ್ದ.

"ಮಮ್ಮು, ಒಂದು ತುಂಡು ಚೀನಿಕಾಯಿ ಕೊಡು ಮಾರಾಯ! ಹೆಂಡತಿಗೆ ಆಸೆ ಆಗಿದೆ."

ಮಮ್ಮು ಅವನ ತಲೆಯ ಮೇಲಿನ ಚೂಪು ಟೊಪ್ಪಿಯನ್ನು ನೋಡಿದ.

"ಬೆಳಿಗ್ಗೆ ಮಾಟಗಾತಿಗೆ ಅಂದ್ರಿ. ಈಗ ಹೆಂಡತಿಗೆ ಅಂತೀರಿ," ಎಂದ. "ಯಾರಿಗೆ ಅಂತ ಸರಿಯಾಗಿ ಕೇಳಿಕೊಂಡು ಸೋಮವಾರ ಬನ್ನಿ. ನಾಳೆ ರಜೆ."

ಶಟರ್ ಕೆಳಗಿಳಿಯಿತು. ಮನೆಗೆ ಹೋಗಿ ಏನು ಹೇಳುವುದೆಂದು ಯೋಚಿಸುತ್ತ ಪ್ರೇಮನಾಥ ಸ್ಕೂಟರನ್ನು ಪಂಜ ಊರಿನ ದಾರಿಗೆ ತಿರುಗಿಸಿದ. ಅಲ್ಲಿ ಅವನ ಗುರುತಿನವರೊಬ್ಬರ ಮಾಡಿನ ಮೇಲೆ ಚೀನಿಕಾಯಿ ಇತ್ತು, ಬೀಜಕ್ಕೆ ಬಿಟ್ಟದ್ದು.