ಖಾಲಿ ಫೋಟೋದ ಲಾಬ್ಸ್ಟರ್‌ಗಳು

ಸಮುದ್ರವನ್ನು ನಾನು ಕಣ್ಣಾರೆ ನೋಡಿಲ್ಲ. ಆದರೂ ಹೋದ ತಿಂಗಳು, ಚಿಕ್ಕಬಳ್ಳಾಪುರದ ನಮ್ಮ ಅಡುಗೆಮನೆಯಲ್ಲಿ ಕೂತು, ಪರದೇಶದ ಸಮುದ್ರವೊಂದರ, ದೊಡ್ಡ ಸೀಗಡಿಯಂಥ ಲಾಬ್ಸ್ಟರ್‌ಗಳ ಉಸ್ತುವಾರಿ ವಹಿಸಿಕೊಂಡೆ!

ಕೆಲಸ ಕೊಟ್ಟವಳು ಅಕ್ಕನ ಮಗಳು ಸಹನಾ. ಅಲ್ಲಿ ಸಂಶೋಧನೆ ಮಾಡುತ್ತಾಳೆ. ಉಬ್ಬರ-ಇಳಿತದ ನೀರಿನಿಂದ ಕರೆಂಟ್ ತೆಗೆಯಲು ಸಮುದ್ರದ ತಳದಲ್ಲಿ ದೊಡ್ಡ ಫ್ಯಾನಿನಂಥ ಟರ್ಬೈನ್ ನಿಲ್ಲಿಸಿದ್ದಾರೆ. ಅದಕ್ಕೆ ಹೆದರಿ ಲಾಬ್ಸ್ಟರ್‌ಗಳು ಜಾಗ ಬಿಡುತ್ತವೆಯೇ ಎಂಬುದು ಪ್ರಶ್ನೆ. ನೀರೊಳಗೆ ತೆಗೆದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ನೋಡಿ, ಎಷ್ಟಿವೆ ಎಂದು ಪಕ್ಕದ ಚೌಕದಲ್ಲಿ ಬರೆಯಬೇಕು. ಅಷ್ಟೇ.

ನಮ್ಮ ಯಜಮಾನರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಹಗಲಿಡೀ ನನ್ನ ಮಾತೆಲ್ಲ ದೇವರ ಮನೆಯಲ್ಲೇ. ಅಲ್ಲಿಂದ ಉತ್ತರ ಬರುವುದಿಲ್ಲ. ಈಗ ಕೆಲಸ ಎಷ್ಟಾಯಿತೆಂದು ಕೇಳಲು ಸಹನಾ ದಿನಾ ಫೋನ್ ಮಾಡುತ್ತಿದ್ದಳು. ದೇವರು ದೊಡ್ಡವನು!

ಮೊದಲ ಸಂಕಟ ಶನಿವಾರ ಬಂತು. ಅಂದು ನಾವು ಮಾಂಸ ಮುಟ್ಟುವುದಿಲ್ಲ. ಪಕ್ಕದ ಮನೆಯ ರತ್ನಮ್ಮನವರನ್ನು ಕೇಳಿದೆ.

“ಎಣಿಸೋಕೇನ್ರೀ? ಬಾಯಿಗೆ ಹಾಕ್ಕೋಬೇಡಿ, ಅಷ್ಟೆ!”

ಸ್ನಾನ ಮಾಡಿ ಎಣಿಸಿದೆ.

ಎರಡನೆಯ ಸಂಕಟ ದೊಡ್ಡದು. ಕೆಲವು ಫೋಟೋಗಳಲ್ಲಿ ಬರೀ ಮರಳು. ನಮ್ಮ ಮನೆಯಲ್ಲಿ ಅಕ್ಕಿ ಮುಗಿದರೂ ‘ಇಲ್ಲ’ ಎನ್ನುವುದಿಲ್ಲ, ‘ತುಂಬಿದೆ’ ಎನ್ನುತ್ತೇವೆ. ಅಂಥವಳು ಅಷ್ಟು ದೊಡ್ಡ ಸಮುದ್ರಕ್ಕೆ ಸೊನ್ನೆ ಬರೆಯಲೇ? ಶುಭವಾಗಲೆಂದು ‘ಒಂದು’ ಎಂದು ಬರೆದೆ. ಒಂದೇ ಇದ್ದರೆ ಪಾಪ ಬೇಜಾರು, ‘ಎರಡು’ ಮಾಡಿದೆ!

ಹತ್ತನೆಯ ದಿನ ಸಹನಾ ವಿಡಿಯೋದಲ್ಲಿ ಬಂದಳು. ಮುಖ ಬಾಡಿತ್ತು.

“ಚಿಕ್ಕಮ್ಮ, ಟರ್ಬೈನ್ ಪಕ್ಕ ಒಂದು ಫೋಟೋನೂ ಖಾಲಿ ಇಲ್ಲ ಅಂತ ನಮ್ಮ ಮೇಷ್ಟ್ರು ಕುಣೀತಿದ್ರು. ನಾನು ತೆಗೆದು ನೋಡಿದ್ರೆ ಬರೀ ಮರಳು!”

“ಖಾಲಿ ಅಂತ ಹೆಂಗಮ್ಮ ಬರೆಯೋದು? ಅಶುಭ ಅಲ್ವಾ?”

“ಇಲ್ಲ ಅಂದ್ರೆ ಇಲ್ಲ ಅಂತಾನೇ ಬರೀಬೇಕು! ಅದು ಗೊತ್ತಾಗ್ಲಿ ಅಂತಾನೇ ಇಷ್ಟೆಲ್ಲ ಮಾಡ್ತಿರೋದು. ನಾಳೆ ಸಂಜೆಯೊಳಗೆ ಸರಿ ಮಾಡ್ದಿದ್ರೆ ನಿಮ್ಮನ್ನ ತೆಗೆದು ಬೇರೆಯವ್ರನ್ನ ಹಾಕ್ತಾರೆ.”

ತೆಗೆದರೆ ಫೋನೂ ನಿಲ್ಲುತ್ತದೆ! ದೀಪ ಹಚ್ಚಿ, ತಪ್ಪಾಯಿತೆಂದು ಕೈಮುಗಿದು, ಮಾರನೆಯ ದಿನವಿಡೀ ತಿದ್ದಿದೆ. ಇಲ್ಲ. ಇಲ್ಲೂ ಇಲ್ಲ. ಯಾರೂ ಇಲ್ಲ.

ಕೊನೆಯ ಫೋಟೋ ತಿದ್ದುವಾಗ ಗೇಟಿನಿಂದ ರತ್ನಮ್ಮ ಕೂಗಿದರು:

“ದೇವಸ್ಥಾನದ ಪುಳಿಯೋಗರೆ ತಂದಿದ್ದೀನಿ. ಮನೇಲಿ ಎಷ್ಟು ಜನ ಇದ್ದೀರಾ?”

ಪರದೆಯಿಂದ ಕಣ್ಣೆತ್ತದೆ, ಅತ್ಯಂತ ಪ್ರಾಮಾಣಿಕವಾಗಿ ಉತ್ತರಿಸಿದೆ:

“ಯಾರೂ ಇಲ್ಲ!”

“ಹಂಗಾದ್ರೆ ಆ ಕಡೆ ಮನೆಗೆ ಕೊಡ್ತೀನಿ ಬಿಡಿ” ಎಂದು ಅವರು ಹೊರಟೇ ಹೋದರು.

ಸಂಜೆ ಸಹನಾ ಫೋನ್ ಮಾಡಿದಳು. “ಕೆಲಸ ಉಳೀತು ಚಿಕ್ಕಮ್ಮ! ಈ ಸಲ ಲೆಕ್ಕದಲ್ಲಿ ಒಂದೂ ಸೇರಿಸಿಲ್ಲ, ಒಂದೂ ಬಿಟ್ಟಿಲ್ಲ ನೀವು.”

ನಿಜ, ಲಾಬ್ಸ್ಟರ್ ಒಂದನ್ನೂ ಬಿಟ್ಟಿರಲಿಲ್ಲ. ಬಿಟ್ಟದ್ದು ನನ್ನೊಬ್ಬಳನ್ನೇ. ಮತ್ತೆ ಪುಳಿಯೋಗರೆಯನ್ನು!