ಕೀಟಾರಿಗೆ ಖಂಡೇಪೂಜೆ

ಮುಂದೆ ನಿಂತರೆ ಜನ ನಗುತ್ತಾರೆಯೇ? ನಕ್ಕರೂ ಚಿಂತೆಯಿಲ್ಲ, ಕಾಣಿಸಿದರೆ ಸಾಕಲ್ಲವೇ? ಆದರೆ ಅರ್ಚನಾಳೇ ನಕ್ಕುಬಿಟ್ಟರೆ? ಅಬ್ಬಿಗೇರಿಯ ಬಸ್ಸಿನಲ್ಲಿ ಪ್ರಾಣೇಶ ಹೊಸ ಕೀಟಾರನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಇದನ್ನೇ ಯೋಚಿಸುತ್ತಿದ್ದ.

ಗಜೇಂದ್ರಗಡದ ದತ್ತಾತ್ರೇಯನ ವಾದ್ಯಮೇಳದಲ್ಲಿ ಅವನು ಕೀಬೋರ್ಡ್ ನುಡಿಸುತ್ತಿದ್ದ. ಜಾಗ ಯಾವಾಗಲೂ ಹಿಂದೆ, ಹಾಡುವ ದತ್ತಾತ್ರೇಯನ ಹೊಟ್ಟೆಯ ಮರೆಯಲ್ಲಿ. ಪ್ರತಿ ಕಾರ್ಯಕ್ರಮ ಮುಗಿದ ಮೇಲೆ ಹೆಂಡತಿ ಅರ್ಚನಾ ಹೇಳುವುದು ಒಂದೇ ಮಾತು: "ನಿಮ್ಮ ಕಾಲಷ್ಟ ಕಂಡ್ವು ನೋಡ್ರಿ."

ಕೀಟಾರೆಂದರೆ ಗಿಟಾರಿನಂತೆ ಹಿಡಿಯುವ ಕೀಬೋರ್ಡು; ಅದನ್ನಾದರೆ ಪಟ್ಟಿಯಿಂದ ಹೆಗಲಿಗೆ ತೂಗುಹಾಕಿಕೊಂಡು ಮುಂದೆ ನಿಲ್ಲಬಹುದು. ಅದಕ್ಕೆ ಸ್ವಂತ ದನಿಯಿಲ್ಲ. ಅದರ ಬಿಳಿ-ಕರಿ ಮನೆಗಳನ್ನು ಒತ್ತಿದರೆ ಪರದೆಯ ಹಿಂದಿಟ್ಟ ಪೆಟ್ಟಿಗೆ ನುಡಿಯುತ್ತದೆ. ನಡುವೆ ಒಂದು ತಂತಿಯೂ ಇಲ್ಲ. ಇಲ್ಲಿನ ಬೆರಳಿಗೆ ಅಲ್ಲಿನ ಪೆಟ್ಟಿಗೆ ಓಗೊಡುವುದು ಅವನಿಗೆ ಇನ್ನೂ ಬೆರಗು. ನಂಬಿಕೆ ಬಾರದ ದತ್ತಾತ್ರೇಯ ಮಾತ್ರ ಹಳೆಯ ಕೀಬೋರ್ಡನ್ನೂ ಅದೇ ಪೆಟ್ಟಿಗೆಗೆ ಜೋಡಿಸಿಡುವುದಾಗಿ ಹೇಳಿದ್ದ.

"ಹತ್ತಿಗೆ ಎಣ್ಣಿ ಹೊಡಿಯೋ ಪಂಪೇನ್ರಿ?" ಮಾವನ ಮನೆಯ ನೆರೆಯವನಾದ ದ್ಯಾಮಪ್ಪ ಬಸ್ಸಿನಲ್ಲೇ ಕೇಳಿದ.

"ವಾದ್ಯ ಅದು."

"ಹೆಗಲಿಗೆ ಪಟ್ಟಿ ಐತಲ್ರಿ." ಆದರೂ ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಂಡ.

ಅಂದು ನವರಾತ್ರಿಯ ಖಂಡೇಪೂಜೆ. ಅಬ್ಬಿಗೇರಿಯಲ್ಲಿ ಟ್ರ್ಯಾಕ್ಟರು, ಗಿರಣಿ, ಹೊಲಿಗೆ ಯಂತ್ರ ಎಲ್ಲಕ್ಕೂ ಕುಂಕುಮ ಬಿದ್ದಿತ್ತು. ಅತ್ತೆ ಗಂಗಾಬಾಯಿ ಅಳಿಯನನ್ನು ಬಾಗಿಲಲ್ಲೇ ತಡೆದಳು.

"ಹೊಸಾದು. ಪೂಜಾ ಇಲ್ಲದ ಹ್ಯಾಂಗ ನುಡಸ್ತೀರಿ?"

"ಅತ್ತಿ, ಅದು ಕರೆಂಟಿನ ಸಾಮಾನ್ರಿ."

"ಗಿರಣಿ ಏನ್ ಕೈಲೆ ತಿರುಗಸ್ತಾರೇನು?"

ಓಣಿಯೇ ನೆರೆಯಿತು. ಮುದುಕಿ ಮುದುಕವ್ವ ಕೀಟಾರಿನ ಒಂದು ಮನೆಯನ್ನೂ ಬಿಡದೆ ಅರಿಷಿಣ ಹಚ್ಚಿದಳು. ದ್ಯಾಮಪ್ಪ ಕಾಯಿ ಒಡೆದು, ನೀರು ವಾದ್ಯದ ಮೇಲೇ ಬೀಳಬೇಕೆಂದು ಧಾರಾಳವಾಗಿ ಸುರಿದ. ಕಾಯಿ ತನ್ನ ಎದೆಯ ಮೇಲೇ ಒಡೆದಂತಾಯಿತು ಪ್ರಾಣೇಶನಿಗೆ.

ಮೊದಲೇ ತವರಿಗೆ ಬಂದಿದ್ದ ಅರ್ಚನಾ ಸೆರಗಿನಿಂದ ಒರೆಸುತ್ತ, "ಒಣಗತದ ಬಿಡ್ರಿ. ಇವತ್ತರ ನಿಮ್ಮ ಮಾರಿ ನೋಡ್ತೀನಿ," ಎಂದಳು.

ಸಂಜೆ ಊರಲ್ಲಿ ನಡೆದ ಮೇಳದ ಕಾರ್ಯಕ್ರಮದಲ್ಲಿ ಅವನು ವೇದಿಕೆಯ ಅಂಚಿಗೆ ಬಂದು ನಿಂತ. ಮೊದಲ ಸಾಲಿನಲ್ಲಿ ಅರ್ಚನಾ. ಬೆರಳೊತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ. ಕೀಟಾರು ಬಾಯಿ ತುಂಬ ಹೋಳಿಗೆ ತುಂಬಿಕೊಂಡವರಂತೆ ಸುಮ್ಮನಿತ್ತು. ಮಾಡುವುದೇನೆಂದು ತೋಚದೆ ಕಣ್ಣು ಮುಚ್ಚಿ ಸುಮ್ಮನೆ ಬೆರಳಾಡಿಸುತ್ತ ನಿಂತ.

ಸ್ವಲ್ಪ ಹೊತ್ತಿಗೆ ದನಿ ಹೊರಟಿತು. ತನ್ನ ಕೈಯಲ್ಲಿ ಇಂಥ ನಾದವಿದೆಯೆಂದು ಅವನಿಗೇ ಗೊತ್ತಿರಲಿಲ್ಲ. ಸ್ವರಗಳು ಎಳೆ ಎಳೆಯಾಗಿ ಬಿಚ್ಚಿಕೊಂಡವು. ಅಳುವ ಕೂಸುಗಳೂ ಸುಮ್ಮನಾದವು. ಮೈಮರೆತು ಹಣೆಯ ಬೆವರೊರೆಸಲು ಕೈ ಎತ್ತಿದ.

ದನಿ ನಿಲ್ಲಲಿಲ್ಲ.

ಗಾಬರಿಯಿಂದ ಕೈಯನ್ನು ಮತ್ತೆ ಮನೆಗಳ ಮೇಲಿಟ್ಟು, ಮೊದಲ ಸಾಲು ನೋಡಿದ. ಅರ್ಚನಾಳ ಕುರ್ಚಿ ಖಾಲಿಯಿತ್ತು.

"ಕೈ ಎತ್ತಿದ್ರೂ ನುಡಿತೈತಲ್ಲವ್ವಾ," ಎಂದು ಮುದುಕವ್ವ ಅಲ್ಲಿಂದಲೇ ಕೈ ಮುಗಿದಳು.

"ಪೂಜಾ ಮಾಡಿದ್ದು ಸುಳ್ಳಾಗ್ತದೇನು?" ಎಂದಳು ಗಂಗಾಬಾಯಿ.

ಚಪ್ಪಾಳೆ ಮುಗಿದ ಮೇಲೆ ಪ್ರಾಣೇಶ ಪರದೆ ಸರಿಸಿದ. ಹಳೆಯ ಕೀಬೋರ್ಡಿನ ಮುಂದೆ ಅರ್ಚನಾ ಕೂತಿದ್ದಳು.

"ದಿನಾ ನಿಮ್ಮದು ಕೇಳಿ ಕೇಳಿ, ನೀವು ಮನ್ಯಾಗ ಇಲ್ಲದಾಗ ಕೈ ಆಡಸ್ತಿದ್ದೆ," ಎಂದಳು. "ತಪ್ಪಾತೇನ್ರಿ?"

ಅವನು ಅವಳ ಪಕ್ಕದಲ್ಲಿ ಕೂತ. "ಮುಂದ ನಿಂತು ನುಡಸೂವಾಗ ನಾ ಹ್ಯಾಂಗ ಕಂಡೆ?"

"ಪರದೆ ಅಡ್ಡ ಇತ್ತಲ್ರಿ. ಕೆಳಗ ನಿಮ್ಮ ಕಾಲಷ್ಟ ಕಂಡ್ವು."

ಇಬ್ಬರೂ ನಕ್ಕರು. ಅವಳು ತನಗಿಂತ ಚೆನ್ನಾಗಿ ನುಡಿಸಿದಳೆಂದು ಪ್ರಾಣೇಶ ಅವಳಿಗೆ ಎಂದೂ ಹೇಳಲಿಲ್ಲ.