ಒಂದೇ ಸೀರೆಗೆ ಮೂರು ರೇಟು

ಗದ್ವಾಲದಲ್ಲಿ ಸೀರೆ ಅಂಗಡಿ ಇಟ್ಟವನಿಗೆ ನಗು ಬರಿಸುವ ಗಿರಾಕಿಗಳು ಎಂದೂ ಕಡಿಮೆ ಬಿದ್ದಿಲ್ಲ. ಈಗ ಅವರ ಜೊತೆ ಅವರ ಮೊಬೈಲುಗಳೂ ವ್ಯಾಪಾರಕ್ಕೆ ಬರುತ್ತವೆ, ಅಷ್ಟೇ ಫರಕು. ಈ ಮದುವೆ ಸೀಜನ್ನಿನಲ್ಲಿ ಗಟ್ಟು ಊರಿನ ಕಡೆಯ ಕುರಿ ಸಾಕುವ ಹಿರಿಯರೊಬ್ಬರು ಮಗಳ ಮದುವೆಗೆ ಹನ್ನೊಂದು ಸೀರೆ ಬೇಕೆಂದು ಹೆಂಡತಿ, ಮಗಳನ್ನು ಕರೆದುಕೊಂಡು ಬಂದರು. ಆ ಗಿರಾಕಿ ಕೈ ತಪ್ಪಿದರೆ ನನ್ನ ಸೀಜನ್ನೇ ಸಪ್ಪೆ.

ಮೂರು ಮೊಬೈಲು

ಒಂದು ಸೀರೆ ಬಿಚ್ಚಿ ಐದು ಸಾವಿರದ ಇನ್ನೂರು ಅಂದೆ. ಮಗಳು ಮೊಬೈಲ್ ತೆಗೆದು, "ಇಂಥಾದ ಸೀರಿ ಇದರಾಗ ನಾಕು ಸಾವಿರದ ಆರನೂರು ಐತಿ" ಅಂದಳು. ತಾಯಿ ತನ್ನ ಮೊಬೈಲಿನಲ್ಲಿ ಅದೇ ಸೀರೆ ತೆಗೆದರೆ ಐದು ಸಾವಿರದ ನೂರು. ಹಿರಿಯರ ಮೊಬೈಲಿನಲ್ಲಿ ನಾಲ್ಕು ಸಾವಿರದ ಒಂಬೈನೂರು.

"ಒಂದ ಮನಿ ಮಂದಿಗೆ ಮೂರು ರೇಟ್ ಯಾಕ?" ಅಂದರು ಹಿರಿಯರು.

"ಯಾರಿಗೆ ಎಷ್ಟು ಆಸೆ ಐತಿ ಅಂತ ಅದಕ್ಕ ತಿಳೀತದಂತಪಾ. ಅವ್ವ ದಿನಾ ನೋಡ್ತಾಳ" ಅಂದಳು ಮಗಳು.

"ನಾ ಎಲ್ಲಿ ದಿನಾ ನೋಡೀನೇ? ಶನಿವಾರ ನೋಡೇ ಇಲ್ಲ!" ತಾಯಿ ಸಿಟ್ಟಾದಳು.

ಹಿರಿಯರು ನನ್ನ ಕಡೆ ತಿರುಗಿದರು. "ಸಾವ್ಕಾರ್ರ, ನೀವರ ಚಲೋ. ಮೂವರಿಗೂ ಒಂದ ಸುಳ್ಳು ಹೇಳ್ತೀರಿ." ವಿಚಾರ ಮಾಡಿ ಬರ್ತೀವಿ ಎಂದು ಎದ್ದರು.

ಆಕಳಿಸಿದ್ದು ದಂಡ

ಎದುರಾಳಿಯ ಮರ್ಮ ತಿಳಿಯದೆ ವ್ಯಾಪಾರ ನಡೆಯುವುದಿಲ್ಲ. ಅಂಗಡಿಗೆ ಒಂದು ಫ್ಯಾನು ಬೇಕಿತ್ತು, ಅದನ್ನೇ ಮೊಬೈಲಿನಲ್ಲಿ ಖರೀದಿ ಮಾಡಿ ನೋಡೋಣ ಅಂದುಕೊಂಡೆ. ನೇಕಾರರ ಮನೆಗೆ ಖರೀದಿಗೆ ಹೋದಾಗ, ಆಸೆ ಕಂಡು ರೇಟು ಏರಿಸಬಾರದೆಂದು, ನಾವು ಬೇಕಾದ ಸೀರೆಯನ್ನು ಮೊದಲು ಮುಟ್ಟುವುದೇ ಇಲ್ಲ. ಬೇಡದ ನಾಲ್ಕು ಸೀರೆ ಮಗುಚಿ ಹಾಕಿ, ಹೊರಡುವಾಗ "ಅದೇನದು?" ಅನ್ನುತ್ತೇವೆ. ಇಲ್ಲೂ ಹಾಗೇ ಮಾಡಿದೆ. ಎರಡು ದಿನ ಬರೀ ಕುಕ್ಕರ್ ನೋಡಿ, ಕೊನೆಗೆ ಆಕಳಿಸುತ್ತಾ ಫ್ಯಾನು ತೆಗೆದು ನೋಡಿದೆ.

"ನೀವು ಆಕಳಿಸೋದು ಅದಕ್ಕ ಕಾಣ್ತದೇನ್ರಿ?" ಅಂದಳು ಹೆಂಡತಿ.

ಕಾಣಲಿಲ್ಲ. ಫ್ಯಾನಿನ ರೇಟು ನೂರೈವತ್ತು ಏರಿತು. ಬೇಡದ ಕುಕ್ಕರಿನ ರೇಟು ಮಾತ್ರ ದಿನಾ ಇಳಿಯುತ್ತಾ ಬಂತು. ಈಗಲೂ ಅಂಗಡಿಯಲ್ಲಿ ಸೆಖೆ, ಮನೆಯಲ್ಲಿ ಎರಡು ಹೊಸ ಕುಕ್ಕರು.

ಟವೆಲ್ಲಿನ ಕೆಳಗೆ

ಮುಂದಿನ ವಾರ ಹಿರಿಯರು ಕುರಿ ಸಂತೆ ಮುಗಿಸಿ ಒಬ್ಬರೇ ಬಂದು ಕೂತರು. ಆರ್ಡರ್ ಕೊಡಲು ಬಂದರೇನೋ ಅಂದುಕೊಂಡು ಚಹಾ ತರಿಸಿದೆ. ಅಷ್ಟರಲ್ಲಿ ಪಾರ್ಸೆಲ್ ತರುವವನು ಬಂದು ಅವರ ಹೆಸರೇ ಕೂಗಿದ.

"ಮಗಳ ಮೊಬೈಲಿನಾಗ ಒಂದು ಸೀರಿ ತರಿಸೀನ್ರಿ, ಸ್ಯಾಂಪಲ್" ಅಂದರು ಹಿರಿಯರು. "ನಮ್ಮೂರಾಗ ಮನಿ ನಂಬರ್ ಇಲ್ಲ. ಅದಕ್ಕ ನಿಮ್ಮ ಅಂಗಡಿ ವಿಳಾಸ ಕೊಟ್ಟೆ."

ನನ್ನ ವ್ಯಾಪಾರ ಕಸಿಯುವ ಸೀರೆ ನನ್ನ ಅಂಗಡಿಗೇ ಬಂದಿತ್ತು, ಅದೂ ನಾನೇ ಚಹಾ ಕುಡಿಸುವ ಹೊತ್ತಿಗೆ.

"ನಾಕು ಸಾವಿರದ ಆರನೂರು ಕೊಡ್ರಿ ಕಾಕಾ" ಅಂದ ಪಾರ್ಸೆಲ್‌ನವನು. ಹಿರಿಯರು ಹೆಗಲ ಟವೆಲ್ ತೆಗೆದು ಅವನ ಕೈ ಮೇಲೆ ಹಾಕಿ, ಕೆಳಗಿಂದ ಬೆರಳು ಹಿಡಿದರು. ಕುರಿ ಸಂತೆಯಲ್ಲಿ ಹಾಗೇ: ರೇಟು ಬಾಯಲ್ಲಿ ಹೇಳುವುದಿಲ್ಲ, ಪಕ್ಕದವರಿಗೆ ಕಾಣದಂತೆ ಟವೆಲ್ಲಿನ ಕೆಳಗೆ, ಒಂದು ಬೆರಳಿಗೆ ನೂರು ರೂಪಾಯಿಯಂತೆ, ಬೆರಳು ಒತ್ತಿ ಮುಗಿಸುತ್ತಾರೆ.

ಅವನು ಬೆದರಿದ. "ಕೈ ಯಾಕ ಹಿಡೀತೀರಿ?"

"ಎರಡು ಬೆರಳು ಬಿಡು, ಮುಗಸೂಣು."

"ರೇಟು ಕಂಪನಿದು ಕಾಕಾ. ನಾ ಬರೇ ತರಾಂವ!"

"ಹಂಗಾದ್ರ ಕಂಪನಿಯವನ ಕೈ ಎಲ್ಲೈತಿ? ಕರಕೊಂಡು ಬಾ."

ನಾನು ಸುಮ್ಮನಿರಬಹುದಿತ್ತು. ಆದರೂ ಹೇಳಿದೆ: "ಬ್ಯಾಡಾದ್ರ ತರಿಸಬಾರದಿತ್ರಿ. ಪಾಪ, ಬಿಸಿಲಾಗ ಬಂದಾನ."

ಹಿರಿಯರು ಅವನ ಕೈಗೆ ಐವತ್ತು ರೂಪಾಯಿ ಇಟ್ಟು ಪಾರ್ಸೆಲ್ ವಾಪಸ್ ಕೊಟ್ಟರು. "ಕೈ ಇಲ್ಲದಾಂವನ ಜೋಡಿ ನನಗ ವ್ಯಾಪಾರ ಆಗಂಗಿಲ್ಲ" ಎಂದು ಟವೆಲ್ಲನ್ನು ನನ್ನ ಕೈ ಮೇಲೆ ಹಾಕಿದರು. ಅವರು ಮೂರು ಬೆರಳು ಹಿಡಿದರು, ನಾನು ಒಂದು ಎಳೆದುಕೊಂಡೆ. ಸೀರೆಗೆ ಇನ್ನೂರು ಇಳಿದು ಹನ್ನೊಂದು ಸೀರೆಯ ವ್ಯಾಪಾರ ಮುಗಿಯಿತು.

ತಲೆ ಎತ್ತಿ ನೋಡಿದರೆ ಪಾರ್ಸೆಲ್‌ನವನು ಹೋಗಿರಲೇ ಇಲ್ಲ. ಚೀಲ ಕೆಳಗಿಟ್ಟು, ಕೈ ಒರೆಸಿಕೊಂಡು ಮುಂದೆ ಚಾಚಿದ. "ಸಾವ್ಕಾರ್ರ, ನಮ್ಮಕ್ಕನ ಮದುವಿಗೂ ಐದು ಸೀರಿ ಬೇಕು. ಕಾಕಾ, ಆ ಟವೆಲ್ ಸ್ವಲ್ಪ ಕೊಡ್ರಿ."